ಪುರಾತತ್ವ ಓದಿದರೆ ಕೆಲಸ ಸಿಗುತ್ತಾ?

ಪಿಯುಸಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಗೆಳತಿಯ ಅಣ್ಣ, ಹಳೇ ಮನೆ ಓನರ್, ಎಂದೋ ಬಸ್ಸಿನಲ್ಲಿ ನಂಬರ್ ತಗೊಂಡವರು, ಎಲ್ಲರದ್ದೂ ಒಂದೇ ಪ್ರಶ್ನೆ. "ಮೇಡಂ, ನಮ್ಮ ಹುಡುಗಿ ಆರ್ಕಿಯಾಲಜಿ ಅಂತ ಹಠ ಹಿಡಿದು ಕೂತಿದ್ದಾಳೆ. ಅದನ್ನ ಓದಿದ್ರೆ ಕೆಲಸ ಸಿಗುತ್ತಾ?" ನಾನು ಇಲ್ಲ ಅನ್ನಲಿ ಅಂತ ಕಾಯುತ್ತಿರುವುದು ದನಿಯಲ್ಲೇ ಗೊತ್ತಾಗುತ್ತದೆ. ಸ್ಪೀಕರ್ ಆನ್ ಮಾಡಿ ಹುಡುಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಿರುತ್ತಾರೆ.

ಇಪ್ಪತ್ತು ವರ್ಷದಿಂದ ಶಾಸನಗಳ ಹಿಂದೆ ಓಡಾಡುತ್ತಿದ್ದೇನೆ. ಒಂದು ವರ್ಷ ಕೈತುಂಬ ಕೆಲಸ ಇರುತ್ತದೆ. ಇನ್ನೊಂದು ವರ್ಷ ಎಂಟೇ ತಿಂಗಳಿಗೆ ಗುತ್ತಿಗೆ ಮುಗಿದು ಮನೆಯಲ್ಲಿ ಕೂತದ್ದೂ ಇದೆ. ಹಾಗಾಗಿ ಯಾರ ಮಕ್ಕಳಿಗೂ ಸುಳ್ಳು ಹೇಳುವ ಮನಸ್ಸಿಲ್ಲ. ಪ್ರತಿ ಸಲ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಪೂರ್ತಿ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಸರ್ಕಾರಿ ಕೆಲಸದ ಮಾತು ಮುಗಿಸಿಬಿಡೋಣ. ಅಪ್ಪಂದಿರಿಗೆ ಬೇಕಿರುವುದು ಅದೇ ತಾನೇ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ ಶುರುವಾದದ್ದು 1861ರಲ್ಲಿ. ದೇಶದ ಸುಮಾರು 3,700 ಸ್ಮಾರಕಗಳು ಅದರ ರಕ್ಷಣೆಯಲ್ಲಿವೆ. ಅದರಲ್ಲಿ ಕರ್ನಾಟಕದ್ದೇ 500ಕ್ಕೂ ಜಾಸ್ತಿ. ನಮ್ಮ ರಾಜ್ಯ ಇಲಾಖೆಯ ಪಟ್ಟಿಯಲ್ಲಿ ಬೇರೆ 800ಕ್ಕೂ ಹೆಚ್ಚು ಇವೆ. ಇಷ್ಟೆಲ್ಲ ಇದ್ದಮೇಲೆ ಹುದ್ದೆಗಳೂ ಬೇಕಾದಷ್ಟು ಇರಬೇಕಲ್ವಾ? ಇಲ್ಲ. ಅರ್ಜಿ ಯಾವಾಗ ಕರೆಯುತ್ತಾರೆ ಅನ್ನುವುದು ಮುಂಗಾರು ಮಳೆಯ ಲೆಕ್ಕ. ಎಂ.ಎ.ಗೆ ಮೈಸೂರು, ಧಾರವಾಡ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವೆ. ಹೊರಗೆ ಹೋಗುವುದಾದರೆ ಪುಣೆಯ ಡೆಕ್ಕನ್ ಕಾಲೇಜು. ಅದಾದಮೇಲೆ ಗ್ರೇಟರ್ ನೋಯ್ಡಾದಲ್ಲಿ ಕೇಂದ್ರ ಇಲಾಖೆಯದ್ದೇ ಎರಡು ವರ್ಷದ ಪಿ.ಜಿ. ಡಿಪ್ಲೊಮಾ ಇದೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಶಾಸನ ಓದುವ ಆಸೆ ಇದ್ದವರಿಗೆ ಒಂದು ಅನುಕೂಲ ಏನೆಂದರೆ, ಇಡೀ ದೇಶದ ಶಾಸನ ವಿಭಾಗದ ಮುಖ್ಯ ಕಚೇರಿ ನಮ್ಮ ಮೈಸೂರಿನಲ್ಲೇ ಇದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ಕೆಲಸಕ್ಕೆ ಇತಿಹಾಸ ಓದಿದವರಷ್ಟೇ ಬೇಕು ಅಂತಿಲ್ಲ. ಗುಡಿ ದುರಸ್ತಿಗೆ ಸಿವಿಲ್ ಡಿಪ್ಲೊಮಾ ಮಾಡಿದವರು ಬೇಕು. ಕಲ್ಲಿನ ಮೇಲಿನ ಪಾಚಿ, ಉಪ್ಪು ತೆಗೆಯಲು ಕೆಮಿಸ್ಟ್ರಿ ಗೊತ್ತಿರುವವರು ಬೇಕು. ನಕ್ಷೆ ಬರೆಯುವವರು, ಫೋಟೋ ತೆಗೆಯುವವರು, ಸರ್ವೆ ಮಾಡುವವರು ಎಲ್ಲರಿಗೂ ಇಲ್ಲಿ ಕೆಲಸ ಇದೆ. ಗಾರೆ ಕೆಲಸ ಬಲ್ಲ ಮೇಸ್ತ್ರಿಗಂತೂ ನಾವೇ ಹುಡುಕಿಕೊಂಡು ಹೋಗುತ್ತೇವೆ. ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿ, ಮರಳು ಸೇರಿಸಿ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಹದ ಮಾಡುವವರು ಈಗ ಎಷ್ಟು ಜನ ಉಳಿದಿದ್ದಾರೆ? ಹಳೇ ಗೋಡೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಇರುವುದಿಲ್ಲ. ನಾಲ್ಕು ಮಳೆಗಾಲಕ್ಕೆ ಕಲ್ಲೇ ಪದರ ಪದರವಾಗಿ ಉದುರುತ್ತದೆ. ಗಾರೆಯಾದರೆ ಉಸಿರಾಡುತ್ತದೆ. ಇದನ್ನು ತಿಳಿದ ಮೇಸ್ತ್ರಿ ನನಗಿಂತ ಜಾಸ್ತಿ ದುಡಿಯುತ್ತಾನೆ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸರಿ, ಸ್ವಲ್ಪ ಹೊಟ್ಟೆಕಿಚ್ಚು ಇದೆ.

ಈಗ ಕೆಲಸ ಅಂದರೆ ಏನು ಅಂತ ಒಂದು ದಿನದ ಕತೆ ಹೇಳುತ್ತೇನೆ.

ಮಂಡ್ಯದ ಕಡೆ ಒಂದು ಊರು. ಕೆರೆ ಏರಿ ಕೆಳಗೆ ಎದೆಮಟ್ಟದ ಕಲ್ಲು, ಅರ್ಧ ಮಣ್ಣಿನಲ್ಲಿ ಹೂತಿತ್ತು. ಅಚ್ಚು ತೆಗೆಯಲು ಹೋಗಿದ್ದೆ. ಮೊದಲು ಮೆತ್ತನೆ ಬ್ರಷ್ಷು, ಬರೀ ನೀರು. ಅಕ್ಷರದ ಸಂದಿಯಲ್ಲಿ ಕೂತ ಮಣ್ಣನ್ನು ಬಿದಿರು ಕಡ್ಡಿಯಿಂದ ಬಿಡಿಸಬೇಕು, ಕಬ್ಬಿಣ ಮುಟ್ಟಿಸಬಾರದು. ಆಮೇಲೆ ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ ಗಟ್ಟಿ ಕೂದಲಿನ ಬ್ರಷ್ಷಿನಿಂದ ತಟ್ಟುತ್ತಾ ಹೋಗುವುದು. ಕಾಗದ ಅಕ್ಷರದ ಗುಳಿಯೊಳಗೆ ಇಳಿಯಬೇಕು, ಹರಿಯಬಾರದು. ಅರ್ಧ ಒಣಗಿದಾಗ ಬಟ್ಟೆ ಉಂಡೆಗೆ ಮಸಿ ತಾಗಿಸಿ ಮೇಲೆ ಮೇಲೆ ಒತ್ತಬೇಕು. ಗುಳಿಯಲ್ಲಿರುವ ಅಕ್ಷರಕ್ಕೆ ಮಸಿ ಹತ್ತುವುದಿಲ್ಲ. ಕರಿ ಕಾಗದದ ಮೇಲೆ ಬಿಳಿ ಅಕ್ಷರ ಒಂದೊಂದೇ ಎದ್ದು ಬರುತ್ತದೆ. ಅಷ್ಟರಲ್ಲಿ ಗಾಳಿ ಬೀಸಿದರೆ ಮುಗಿಯಿತು, ಮೊದಲಿನಿಂದ ಶುರು. ಆ ದಿನ ಮೂರು ಸಲ ಬೀಸಿತು.

ಒಬ್ಬರು ಅಜ್ಜಿ ಎಮ್ಮೆ ಬಿಟ್ಟುಕೊಂಡು ಬಂದು ಪಕ್ಕದಲ್ಲಿ ಕೂತರು. "ಇದ್ರ ಮ್ಯಾಲೆ ಬಟ್ಟೆ ಒಗೀಬ್ಯಾಡಿ ಅಂತ ನಮ್ಮತ್ತೆ ಹೇಳೋರು ಕಣವ್ವ. ಯಾಕೆ ಅಂತ ಹೇಳ್ನಿಲ್ಲ, ನಾವೂ ಕೇಳ್ನಿಲ್ಲ." ಅಚ್ಚಿನ ಕೊನೇ ಸಾಲಿಗೆ ಬಂದಾಗ ನನಗೆ ನಗು ಬಂತು. ದಾನ ಶಾಸನಗಳ ಕೊನೆಗೆ ಮಾಮೂಲಿಯಾಗಿ ಇರುತ್ತದಲ್ಲ, ಇದನ್ನು ಹಾಳು ಮಾಡಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಬರಲಿ ಅಂತ, ಅದೇ ಇತ್ತು. ಓದಿ ಹೇಳಿದೆ. ಅಜ್ಜಿ ಎಮ್ಮೆಯ ಕಡೆ ಒಂದು ಸಲ ನೋಡಿ, "ಅದುಕ್ಕೇ ಮತ್ತೆ" ಅಂದರು. ಆ ಲಿಪಿ ಆ ಊರಲ್ಲಿ ಯಾರಿಗೂ ಬರುವುದಿಲ್ಲ. ಆದರೂ ಅದರಲ್ಲಿ ಬರೆದ ಮಾತು ಅತ್ತೆಯಿಂದ ಸೊಸೆಗೆ ದಾಟಿಕೊಂಡು ಬಂದಿತ್ತು. ಇಲಾಖೆಯ ನೀಲಿ ಬೋರ್ಡಿಗಿಂತ ಈ ಶಾಪವೇ ಆ ಕಲ್ಲನ್ನು ಚೆನ್ನಾಗಿ ಕಾದಿದೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಅಜ್ಜಿಯ ಕತೆ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ನಾಡಿನ ದೊಡ್ಡ ಶೋಧಗಳಲ್ಲಿ ಎಷ್ಟೋ ಆದದ್ದು ಈ ಕೆಲಸಕ್ಕೆ ಅಂತ ಸಂಬಳ ತಗೊಂಡವರಿಂದ ಅಲ್ಲ. ಬಿ.ಎಲ್. ರೈಸ್ ಹೆಸರು ಕೇಳಿರುತ್ತೀರಿ. ಹುಟ್ಟಿದ್ದು ಬೆಂಗಳೂರಿನಲ್ಲಿ, ಕೆಲಸಕ್ಕೆ ಸೇರಿದ್ದು ಶಿಕ್ಷಣ ಇಲಾಖೆಗೆ. ಶಾಲೆಗಳ ತನಿಖೆಗೆ ಊರೂರು ಸುತ್ತುವಾಗ ಕಲ್ಲುಗಳ ಮೇಲೆ ಕಣ್ಣು ಬಿತ್ತು. 1886ರಲ್ಲಿ ಶುರುವಾದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದರು. ಇವತ್ತಿಗೂ ನನ್ನ ಬ್ಯಾಗಿನಲ್ಲಿ ಹೋಗಬೇಕಾದ ತಾಲ್ಲೂಕಿನ ಪುಟಗಳ ಜೆರಾಕ್ಸ್ ಇಲ್ಲದೆ ಬಸ್ಸು ಹತ್ತುವುದಿಲ್ಲ.

ರಾಯಚೂರು ಜಿಲ್ಲೆಯ ಮಸ್ಕಿಯದ್ದು ಇನ್ನೂ ಮಜಾ. 1915ರಲ್ಲಿ ಬೀಡನ್ ಅನ್ನುವ ಗಣಿ ಎಂಜಿನಿಯರ್ ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ. ಅವನ ಕಣ್ಣಿಗೆ ಬಿದ್ದದ್ದು ಬ್ರಾಹ್ಮಿ ಅಕ್ಷರ ಕೆತ್ತಿದ ಬಂಡೆ. ಅಲ್ಲಿಯತನಕ ಗೊತ್ತಿದ್ದ ಇಂಥ ಶಾಸನಗಳಲ್ಲೆಲ್ಲ ಬರೆಸಿದ ರಾಜನನ್ನು ದೇವಾನಾಂಪಿಯ (ದೇವರಿಗೆ ಪ್ರಿಯನಾದವನು), ಪಿಯದಸಿ ಅಂತಷ್ಟೇ ಕರೆದಿತ್ತು. ಮಸ್ಕಿಯ ಬಂಡೆಯಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ಆ ದೇವಾನಾಂಪಿಯನೇ ಅಶೋಕ ಅನ್ನುವ ಮಾತಿಗೆ ಕಲ್ಲಿನ ಸಾಕ್ಷಿ ಸಿಕ್ಕಂತಾಯಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳದಲ್ಲೂ ಆ ಹೆಸರು ಸಿಕ್ಕಿತು. ಚಿನ್ನ ಹುಡುಕಲು ಹೋಗಿ ಒಳ್ಳೆಯದು ಮಾಡಿದವನು ನನಗೆ ಗೊತ್ತಿರುವಂತೆ ಅವನೊಬ್ಬನೇ. ಈಗಿನ ನಿಧಿಗಳ್ಳರು ಬರುವುದು ರಾತ್ರಿ, ಹಾರೆ ಹಿಡಿದು. ಲಿಂಗದ ಪೀಠ ಎಬ್ಬಿಸುತ್ತಾರೆ, ನಂದಿಯ ಹೊಟ್ಟೆ ಸೀಳುತ್ತಾರೆ, ವೀರಗಲ್ಲನ್ನು ಎರಡು ಹೋಳು ಮಾಡುತ್ತಾರೆ. ಸಿಗುವುದು ಮಣ್ಣು.

ಕಲಬುರಗಿ ಜಿಲ್ಲೆಯ ಸನ್ನತಿ ನೋಡಿ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿಕಾಂಬಾ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಬುಡದಲ್ಲಿದ್ದ ಚಪ್ಪಡಿಯಲ್ಲಿ ಅಕ್ಷರ ಕಂಡವು. ಅದು ಅಶೋಕನ ಶಾಸನ! ದೇವಿಗೆ ಪೂಜೆ ಮಾಡುತ್ತಿದ್ದವರೆಲ್ಲ ಅಷ್ಟು ಕಾಲ ಅದರ ಮೇಲೇ ಹೂವು ಏರಿಸುತ್ತಿದ್ದರು. ಗುಡಿ ಗಟ್ಟಿಯಾಗಿ ನಿಂತಿದ್ದರೆ ಇವತ್ತಿಗೂ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಕ್ಕದ ಕನಗನಹಳ್ಳಿಯಲ್ಲಿ ಮುಂದೆ ಅಗೆದಾಗ ಇಡೀ ಬೌದ್ಧ ಸ್ತೂಪವೇ ಸಿಕ್ಕಿತು. ಅದರ ಒಂದು ಶಿಲ್ಪದಲ್ಲಿ ಅಶೋಕನ ಚಿತ್ರ, ಅದರ ಜೊತೆಗೇ ಅವನ ಹೆಸರು.

ಇದೆಲ್ಲ ಹಳೇ ಕತೆ ಅನ್ನಬೇಡಿ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ತೋಡುವಾಗ ಒಂದು ಕಲ್ಲು ಮೇಲೆ ಬಂತು. ಕ್ರಿ.ಶ. 750ರ ಸುಮಾರಿನದು, ಕಿತ್ತಯ್ಯ ಅನ್ನುವ ವೀರನದು. ಕೆಂಪೇಗೌಡರಿಗಿಂತ ಏಳೆಂಟು ನೂರು ವರ್ಷ ಹಿಂದಿನ ಕಲ್ಲು ಚರಂಡಿಯ ಪಾಲಾಗಲಿಲ್ಲ ಅಂದರೆ ಅದಕ್ಕೆ ಕಾರಣ ಅಲ್ಲಿನ ಜನ ಮತ್ತು ಶಾಸನ ಹುಡುಕುವ ಹುಚ್ಚು ಹಿಡಿಸಿಕೊಂಡ ಕೆಲವರು. ಅವರಲ್ಲಿ ಎಂಜಿನಿಯರ್‌ಗಳೂ ಇದ್ದರು. ವಾರವಿಡೀ ಆಫೀಸು, ರಜಾ ದಿನ ರೈಸ್ ಅವರ ಬೆಂಗಳೂರು ಸಂಪುಟವನ್ನೇ ವಿಳಾಸದ ಪುಸ್ತಕ ಮಾಡಿಕೊಂಡು ಬಡಾವಣೆ ಸುತ್ತುವುದು. ಎಷ್ಟೋ ಕಲ್ಲುಗಳ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ. ಕಿತ್ತಯ್ಯನಿಗೆ ಮಾತ್ರ ಜನರೇ ದುಡ್ಡು ಕೂಡಿಸಿ ಮಂಟಪ ಕಟ್ಟಿಸಿದರು. 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿಯಂಥ ಇತಿಹಾಸ ಅಧ್ಯಯನದ ಹಳೇ ಸಂಸ್ಥೆ ಈಗ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಸ್ಕ್ಯಾನರ್ ಹಿಡಿಯುವ, ಕಂಪ್ಯೂಟರಿನಲ್ಲಿ ಅಕ್ಷರ ಬಿಡಿಸುವ ಕೆಲಸ ನಾನು ಓದುವಾಗ ಇರಲೇ ಇಲ್ಲ.

ಜನ ಸೇರಿದರೆ ಎಲ್ಲ ಒಳ್ಳೆಯದೇ ಆಗುತ್ತದೆ ಅಂತಲೂ ಅಲ್ಲ. ಒಂದೂರಿನ ಗುಡಿಯ ಹೊರಗೋಡೆಯಲ್ಲಿ ಉದ್ದನೆ ಶಾಸನವಿತ್ತು. ಮದುವೆ ಸೀಸನ್, ಊರಲ್ಲಿ ಯಾರೂ ಸಿಗುವುದಿಲ್ಲ, ಮುಂದಿನ ತಿಂಗಳು ಅಚ್ಚು ತೆಗೆದರಾಯಿತು ಅಂತ ಬಿಟ್ಟುಬಂದೆ. ಹೋಗುವಷ್ಟರಲ್ಲಿ ಜೀರ್ಣೋದ್ಧಾರ ಆಗಿತ್ತು. ಕಮಿಟಿಯವರು ಬಹಳ ಭಕ್ತಿಯಿಂದ, ಚಂದಾ ಎತ್ತಿ, ಗೋಡೆಗೆ ಮರಳು ಚಿಮ್ಮಿಸಿ ತೊಳೆಸಿದ್ದರು. ಕಲ್ಲು ಹೊಸದರಂತೆ ಹೊಳೆಯುತ್ತಿತ್ತು. ಅಕ್ಷರ ಇದ್ದ ಕಡೆ ಬೆರಳಾಡಿಸಿದರೆ ನುಣುಪು. "ಹೆಂಗಿದೆ ಮೇಡಂ?" ಅಂತ ಅಧ್ಯಕ್ಷರು ಖುಷಿಯಿಂದ ಕೇಳಿದರು. ಅವರ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಅದು ಏನು ಅಂತ ಮೊದಲನೇ ಸಲ ಹೋದಾಗಲೇ ಕೂರಿಸಿಕೊಂಡು ಹೇಳಬೇಕಿದ್ದವಳು ನಾನು. ನನ್ನ ಫೋನಿನಲ್ಲಿದ್ದ ಎರಡು ಮಸುಕು ಫೋಟೋಗಳಲ್ಲಿ ಆರು ಸಾಲು ಮಾತ್ರ ಓದಲು ಬರುತ್ತದೆ.

ಇನ್ನು ಕೆಲವು ಊರುಗಳಲ್ಲಿ ಕಲ್ಲು ಇದೆ ಅಂತ ಹೇಳಲೇ ಹೆದರುತ್ತಾರೆ. ಹೇಳಿದರೆ ಸರ್ಕಾರ ಹೊಲ ಕಿತ್ತುಕೊಳ್ಳುತ್ತದೆ, ಮನೆ ಕಟ್ಟಲು ಬಿಡುವುದಿಲ್ಲ ಅಂತ. ಈ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2010ರ ತಿದ್ದುಪಡಿ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಆದರೆ ಅದು ಸಂರಕ್ಷಿತ ಅಂತ ಘೋಷಣೆಯಾದ ಸ್ಮಾರಕಕ್ಕೆ. ನಿಮ್ಮ ಬದುವಿನ ವೀರಗಲ್ಲಿನ ಫೋಟೋ ಕಳಿಸಿದ ಮಾತ್ರಕ್ಕೆ ನಿಮ್ಮ ಹೊಲಕ್ಕೆ ಆ ನಿಯಮ ಬರುವುದಿಲ್ಲ. ಬೇರೆ ಮಾತು, ನೆಲದಡಿ ನಾಣ್ಯವೋ ಒಡವೆಯೋ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಅದನ್ನು ಮುಚ್ಚಿಟ್ಟರೆ ಕೇಸಾಗುತ್ತದೆ.

ಹಾಗಾದರೆ ಹುಡುಗಿಗೆ ಏನು ಹೇಳಲಿ ಅಂತ ಅಪ್ಪ ಕೇಳುತ್ತಾರೆ. ನಾನು ಫೋನು ಅವಳಿಗೇ ಕೊಡಿ ಅನ್ನುತ್ತೇನೆ. ಕಾಲೇಜು ಆಮೇಲೆ ನೋಡೋಣ, ಮೊದಲು ನಿಮ್ಮೂರಿನ ಒಂದು ಕಲ್ಲು ಹುಡುಕು ಅನ್ನುತ್ತೇನೆ. ಬೆಳಿಗ್ಗೆ ಏಳೂವರೆ ಬಿಸಿಲಿಗೆ ಹೋಗು, ಬೆಳಕು ಓರೆಯಾಗಿ ಬಿದ್ದರೆ ಅಕ್ಷರ ತಾನೇ ಎದ್ದು ಕಾಣುತ್ತದೆ. ಆಗಲಿಲ್ಲ ಅಂದರೆ ರಾತ್ರಿ ಪಕ್ಕದಿಂದ ಟಾರ್ಚು ಬಿಡು. ಅರಿಶಿನ, ಸೀಮೆಸುಣ್ಣ, ಪೇಂಟು ಯಾವುದನ್ನೂ ತುಂಬಬೇಡ. ಅಡಿಪಟ್ಟಿ ಇಟ್ಟು ಫೋಟೋ ತೆಗಿ. ಯಾವ ಹೊಲದಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ಊರವರು ಅದನ್ನು ಏನಂತ ಕರೆಯುತ್ತಾರೆ, ಎಲ್ಲ ಬರಿ. ಕಲ್ಲನ್ನು ಮಾತ್ರ ಅಲುಗಾಡಿಸಬೇಡ. ಮ್ಯೂಸಿಯಮ್ಮಿನಲ್ಲಿ ನಿಂತ ಕಲ್ಲು ತನ್ನ ಮಾತು ಹೇಳುತ್ತದೆ, ಕೆರೆ ಪಕ್ಕ ನಿಂತದ್ದು ಕೆರೆಯ ಮಾತನ್ನೂ ಹೇಳುತ್ತದೆ. ಇಷ್ಟು ಮಾಡಿ ಆದಮೇಲೂ ಆಸೆ ಉಳಿದಿದ್ದರೆ ಸಂಬಳದ ಮಾತು ಆಡೋಣ. ಸುಮಾರು ಜನ ಫೋಟೋ ಕಳಿಸುವುದೇ ಇಲ್ಲ. ಅದೂ ಒಂದು ಉತ್ತರವೇ.

ಹೋದ ವರ್ಷ ಒಬ್ಬಳು ಕಳಿಸಿದಳು. ಒಂದಲ್ಲ, ನಲವತ್ತೆರಡು ಫೋಟೋ. ಊರ ಬಾವಿಕಟ್ಟೆಯ ಗೋಡೆಗೆ ಸೇರಿಸಿ ಕಟ್ಟಿದ ಕಲ್ಲು. ವರ್ಷ ವರ್ಷ ಹಬ್ಬಕ್ಕೆ ಸುಣ್ಣ ಬಳಿದು ಬಳಿದು ಅಕ್ಷರ ಮುಚ್ಚಿಹೋಗಿದ್ದವು. ಹಿಗ್ಗಿಸಿ ನೋಡಿದಾಗ ಮೇಲಿನ ಸಾಲಿನಲ್ಲಿ "ಸ್ವಸ್ತಿ" ಅನ್ನುವಷ್ಟು ಕಂಡಿತು. ಶಾಸನ ಶುರುವಾಗುವುದೇ ಹಾಗೆ. ಹಾಗಂತ ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ಅವಳ ಫೋನು.

"ಮೇಡಂ, ಕಲ್ಲಿನ ಇನ್ನೊಂದು ಮಗ್ಗುಲು ಗೋಡೆ ಒಳಗಡೆ ಇದೆ. ಅಲ್ಲೂ ಬರೆದಿರಬಹುದಾ?"

"ಬರೆದಿರಬಹುದು."

"ಹಾಗಾದ್ರೆ ಗೋಡೆ ತೆಗೆಸೋಕೆ ಪಂಚಾಯ್ತಿಯವರನ್ನ ಕೇಳ್ಲಾ?"

"ಈಗಲೇ ಬೇಡಮ್ಮ. ಗೋಡೆ ಯಾವಾಗ ಕಟ್ಟಿದ್ದು ಅಂತ ಮೊದಲು ನಿಮ್ಮಜ್ಜಿಯನ್ನ ಕೇಳು. ನಾನು ಶನಿವಾರ ಬರ್ತೀನಿ, ಏಳೂವರೆ ಒಳಗೆ."