ಎರಡು ರೊಟ್ಟಿ ಜಾಸ್ತಿ

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಹಳ್ಳಿ ಹುಡುಗರಿಗೆ ಬುತ್ತಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಸಪ್ತಾಪುರದ ರೂಮಿನಲ್ಲಿ ನಾವು ಮೂವರಿದ್ದೆವು. ನನ್ನ ಬುತ್ತಿ ಸವದತ್ತಿ ಕಡೆಯ ಬಸ್ಸಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಿತ್ತು. ಅವ್ವ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಅರಿವೆಯಲ್ಲಿ ಕಟ್ಟಿ, ತಂಗಿ ಬರೆದ ಹೆಸರಿನ ಚೀಟಿ ಸಿಕ್ಕಿಸಿ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ಖಾಲಿ ಡಬ್ಬಿ ಸಂಜೆ ಬಸ್ಸಿಗೆ ಊರು ಸೇರುತ್ತಿತ್ತು.

2003ರ ಫೆಬ್ರವರಿ. ನಾನು ಬಿ.ಎ. ಎರಡನೇ ವರ್ಷ. ಮಳೆ ಕೈಕೊಟ್ಟು ಎಲ್ಲೆಡೆ ಬರ. ನವಿಲುತೀರ್ಥದ ಡ್ಯಾಮ್ ನಮ್ಮ ತಾಲ್ಲೂಕಿನಲ್ಲೇ ಇದ್ದರೂ ನಮ್ಮದು ಮಳೆ ನಂಬಿದ ಹೊಲ. ಬುತ್ತಿಯಲ್ಲಿ ಐದು ರೊಟ್ಟಿ ಇರುತ್ತಿದ್ದವು. ಹಗಲಿಗೂ ಅವೇ, ರಾತ್ರಿಗೂ ಅವೇ.

ಆ ದಿನ ಬಸ್ ನಿಲ್ದಾಣದ ಕಂಬದ ಹತ್ತಿರ ಒಬ್ಬಾಕೆ ಗಂಟುಮೂಟೆ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಏಳೆಂಟು ವರ್ಷದ ಮಗ. ಹುಡುಗರು ಬುತ್ತಿ ಇಸಿದುಕೊಂಡು ಹೋಗುವುದನ್ನೇ ಅವನು ನೋಡುತ್ತಿದ್ದ. ಕೇಳಲಿಲ್ಲ, ಕೈ ಚಾಚಲಿಲ್ಲ. ನನಗೆ ದಾಟಿ ಹೋಗಲು ಆಗಲಿಲ್ಲ.

ಕೊಪ್ಪಳದ ಕಡೆಯವರು. ಗೋವಾಕ್ಕೆ ಗುಳೆ ಹೋಗಿದ್ದರಂತೆ. ಗುತ್ತಿಗೆದಾರ ಎರಡು ವಾರದ ಕೂಲಿ ಕೊಡದೆ ಓಡಿಸಿದ್ದ. ಊರಿನವರು ಯಾರಾದರೂ ಸಿಕ್ಕರೆ ಬಸ್ ಚಾರ್ಜಿಗೆ ಕೇಳೋಣ ಅಂತ ಗಂಡ ಮಾರ್ಕೆಟ್ ಕಡೆ ಹೋಗಿದ್ದ. "ಊರಾಗ ಇದ್ದಿದ್ರ ಇವಂಗ ಸಾಲ್ಯಾಗ ಬಿಸಿಯೂಟರ ಸಿಗತಿತ್ತು ತಮ್ಮಾ" ಅಂದಳು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. 2002ರಲ್ಲಿ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಅನ್ನ ಊರಿನ ಶಾಲೆಯಲ್ಲಿ ಬೇಯುತ್ತಿತ್ತು, ಹುಡುಗ ಇಲ್ಲಿ ಕಂಬಕ್ಕೆ ಒರಗಿ ಕೂತಿದ್ದ.

ಬುತ್ತಿ ಬಿಚ್ಚಿ ಅವರ ಮುಂದಿಟ್ಟೆ. ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಆಕೆ ಮುಟ್ಟಲಿಲ್ಲ.

"ನೀನೂ ಕುಂದ್ರು. ಸಾಲಿ ಕಲಿಯೋ ಹುಡುಗನ ಬುತ್ತಿ ನಾವಷ್ಟ ಉಂಡ್ರ ಮೈಗೆ ಹತ್ತೂದಿಲ್ಲ."

ಕೂತೆ. ಉಳ್ಳಾಗಡ್ಡಿಯನ್ನು ಆಕೆಯೇ ಮುಷ್ಟಿಯಿಂದ ಗುದ್ದಿ ಒಡೆದು ಮೂರು ಪಾಲು ಮಾಡಿದಳು. ಆಗ ಅದು ನನ್ನ ಬುತ್ತಿ ಅನ್ನಿಸಲೇ ಇಲ್ಲ, ಆಕೆಯ ಮನೆಯಲ್ಲಿ ಉಣ್ಣುತ್ತಿದ್ದ ಹಾಗಿತ್ತು. ಹುಡುಗ ಎರಡು ರೊಟ್ಟಿ ತಿಂದ. ನಮಗೆ ಒಂದೊಂದು. ಉಳಿದ ಒಂದನ್ನು ಗಂಡನಿಗೆ ಇಟ್ಟುಕೊಳ್ಳಲು ಎಷ್ಟು ಒತ್ತಾಯ ಮಾಡಬೇಕಾಯಿತು! ಮೊದಲ ಪೀರಿಯಡ್ ತಪ್ಪಿತು. ರಾತ್ರಿ ಗೆಳೆಯರು ತಮ್ಮ ಬುತ್ತಿಯಲ್ಲೇ ನನಗೂ ಪಾಲು ಹಾಕಿದರು.

ಸಂಜೆ ಡಬ್ಬಿಯೊಳಗೆ ಸುಮ್ನೆ ಒಂದು ಚೀಟಿ ಬರೆದು ಹಾಕಿದ್ದೆ, 'ಅವ್ವಾ, ಇವತ್ತು ಊಟಕ್ಕೆ ಇನ್ನಿಬ್ಬರಿದ್ದರು' ಅಂತ. ತಂಗಿ ಓದಿ ಹೇಳಿರಬೇಕು. ಮರುದಿನ ಬುತ್ತಿ ಬಿಚ್ಚಿದರೆ ಏಳು ರೊಟ್ಟಿ. ಅದರ ಮರುದಿನವೂ ಏಳು.

ಭಾನುವಾರ ಊರಿಗೆ ಹೋದಾಗ ತಂಗಿ ಮೆಲ್ಲಗೆ ಹೇಳಿದಳು, ಅವ್ವ ಈಗ ರಾತ್ರಿ ರೊಟ್ಟಿ ಬಿಟ್ಟು ಅಂಬಲಿ ಕುಡಿದು ಮಲಗುತ್ತಾಳೆ ಅಂತ. ನನಗೆ ಅಳು ಬಂತು. ಐದೇ ಸಾಕು, ಜಾಸ್ತಿ ಕಳಿಸಬೇಡ ಅಂದೆ. ಅವ್ವ ಒಲೆ ಮುಂದಿನಿಂದ ಏಳಲಿಲ್ಲ.

"ಮತ್ತ ಯಾರರ ಬಂದು ಕುಂತ್ರ?" ಅಂದಳು.

ಡಿಗ್ರಿ ಮುಗಿಯುವವರೆಗೂ ಏಳೇ ಬಂದವು.