ರೋಸ್ ಗೆದ್ದರು, ಪಟ್ಟದ ಹೆಸರೇ ಬದಲಾಯಿತು
ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನ ಹಾಡುಗಾರಿಕೆ ಕ್ಯಾಲಿಪ್ಸೋ. ಅದರ ಸ್ಪರ್ಧೆಯಲ್ಲಿ ಗೆದ್ದ ಗಾಯಕನಿಗೆ ಕೊಡುತ್ತಿದ್ದ ಬಿರುದು 'ಕ್ಯಾಲಿಪ್ಸೋ ಕಿಂಗ್'. 1978ರಲ್ಲಿ ಟೊಬೇಗೋದ ಗಾಯಕಿ ಕ್ಯಾಲಿಪ್ಸೋ ರೋಸ್ ಗೆದ್ದಾಗ ಅದು ಗಂಡು ಹೆಣ್ಣು ಇಬ್ಬರಿಗೂ ಒಪ್ಪುವ 'ಮೊನಾರ್ಕ್' ಆಯಿತು. ಮನೆಗೆಲಸದ ಹೆಂಗಸರ ಪಾಡನ್ನು ಅವರು 'ನೋ ಮೇಡಂ'ನಲ್ಲಿ ಹಾಡಿದ್ದರು.

2016ರ 'ಫಾರ್ ಫ್ರಮ್ ಹೋಮ್' ಆಲ್ಬಂನಲ್ಲಿ ಕ್ಯಾಲಿಪ್ಸೋಗೆ ಜಮೈಕಾದ ಸಂಗೀತ ಶೈಲಿಗಳಾದ ಸ್ಕಾ, ರೆಗೆ ಬೆರೆತಿವೆ. ಈ ಬೆರಕೆಯನ್ನು ಕಿವಿಯಲ್ಲಿ ಗುರುತಿಸಬೇಕೆ? ತೊಡೆಯ ಮೇಲೆ ತಾಳ ಹಾಕಿ. ಕೈ ಮೇಲೆದ್ದ ಗಳಿಗೆಯಲ್ಲೇ ಗಿಟಾರ್ ಚಕ್ಕೆಂದು ಕಡಿದರೆ ಅದು ಸ್ಕಾ. ಫೋನಿನ ಸ್ಪೀಕರ್ ಮಾತ್ರ ಬೇಡ. ಬಾಸ್, ಅಂದರೆ ತಗ್ಗಿನ ಸ್ವರ, ಸೋರಿಹೋಗುತ್ತದೆ, ರೆಗೆಯ ಬೆನ್ನೆಲುಬೇ ಅದು. ಹೆಡ್‌ಫೋನ್ ಹಾಕಿ.

ಆಮೇಲೆ 'ಲೀವ್ ಮಿ ಅಲೋನ್' ಕೇಳಿ. ಕಾರ್ನಿವಲ್ ಬೀದಿಯಲ್ಲಿ ಕುಣಿಯುವ ಹೆಣ್ಣಿನ ಬೇಡಿಕೆ ಇಷ್ಟೇ: ನನ್ನ ಪಾಡಿಗೆ ಬಿಡಿ. ಎಷ್ಟು ಸರಳ, ಎಷ್ಟು ಗಟ್ಟಿ ಮಾತು!