ಳ ಡಬ್ಬಿ ತುಂಬಿತು

ಪದ ಕೂಡಿಹಾಕಲು ಶುರು ಮಾಡಿ ಈ ವಾರಕ್ಕೆ ಆರು ತಿಂಗಳು. ಹೇಳಿದಾಗ ಬಾಯಿಗೆ ಹಿತವಾಗಬೇಕು, ಇನ್ನೊಂದು ಸಲ ಹೇಳೋಣ ಅನ್ನಿಸಬೇಕು. ನಾನು ಇಟ್ಟುಕೊಂಡಿರುವ ನಿಯಮ ಇದೊಂದೇ, ಅರ್ಥ ಏನೇ ಇರಲಿ. ಇವತ್ತಿಗೆ ಚೀಟಿಗಳು 214. ಫೋನಿನಲ್ಲಿ ರೆಕಾರ್ಡ್ ಆದವು 67.

ಮೊದಲು ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿದ್ದೆ. ಯಾಕೋ ಸರಿಹೋಗಲಿಲ್ಲ. ಸೂಲಂಗಿ ಎಷ್ಟು ಚೆಂದದ ಪದ! ಕಬ್ಬಿನ ತುದಿಯಲ್ಲಿ ಬೆಳ್ಳಗೆ ತೂಗುವ ಹೂವು ಕಣ್ಣಿಗೇ ಕಟ್ಟುತ್ತದೆ. ಅದರ ಪಕ್ಕ ಸೂಜಿ ಬಂದು ಕೂತರೆ ಕಿವಿಗೆ ಏನೂ ಸಿಗುವುದಿಲ್ಲ. ಹಾಗಾಗಿ ಈ ತಿಂಗಳು ಎಲ್ಲ ಬಿಚ್ಚಿ, ಸದ್ದು ಹುಟ್ಟುವ ಜಾಗದ ಪ್ರಕಾರ ಐದು ಡಬ್ಬಿ ಮಾಡಿದೆ. ದಾರಿ ತೋರಿಸಿದ್ದು ಒಂದನೇ ಕ್ಲಾಸಿನ ಕ, ಚ, ಟ, ತ, ಪ. ಸುಮ್ನೆ ಒಂದೊಂದಾಗಿ ಹೇಳಿ ನೋಡಿ. ಕ ಗಂಟಲ ಹತ್ತಿರ, ಚ ಅಂಗುಳಿನಲ್ಲಿ, ಟ ನಾಲಿಗೆ ಮಡಚಿ, ತ ಹಲ್ಲಿಗೆ ತಾಗಿ, ಪ ತುಟಿಯಲ್ಲಿ. ಒಳಗಿಂದ ಹೊರಗೆ ನಡೆದು ಬಂದ ಹಾಗಿದೆ. ಬಾಯಿಪಾಠ ಮಾಡುವಾಗ ಇದು ಯಾರಿಗೂ ಹೊಳೆಯುವುದಿಲ್ಲ, ಅಲ್ವಾ? ಯಾವ ಅಕ್ಷರದಿಂದ ಪದ ಹಿತವಾಯಿತೋ ಆ ಅಕ್ಷರದ ಡಬ್ಬಿಗೆ ಚೀಟಿ ಹೋಗುತ್ತದೆ.

ಟ ಡಬ್ಬಿ ಎರಡೇ ದಿನಕ್ಕೆ ತುಂಬಿತು. ತುಂಬಿದ್ದು ಟ ಅಲ್ಲ, ಅದರ ಹಾಗೇ ನಾಲಿಗೆ ಮಡಚಿ ಹೇಳುವ ಳ. ಅದಕ್ಕೆ ಬೇರೆ ಡಬ್ಬಿಯನ್ನೇ ಕೊಟ್ಟೆ. ಹೊಳೆ, ಎಳೆ, ತಿಳಿ, ಬೆಳ್ಳಿ, ಹೊಂಬಾಳೆ, ಜುಳುಜುಳು. ಎಳನೀರು ಅಂದರೆ ಸಾಕು, ಕುಡಿದಷ್ಟೇ ತಂಪು. ಕನ್ನಡದಲ್ಲಿ ಳದಿಂದ ಶುರುವಾಗುವ ಪದ ಇಲ್ಲ. ನಾಲಿಗೆ ಇನ್ನೊಂದು ಅಕ್ಷರದಿಂದ ಹೊರಟು, ಆಮೇಲೆ ಮೇಲಕ್ಕೆ ಮಡಚಿಕೊಂಡು ಈ ಸದ್ದಿಗೆ ಬರಬೇಕು. ನನಗೆ ಖುಷಿ ಕೊಡುವುದು ಆ ಮಡಚಿಕೊಳ್ಳುವ ಗಳಿಗೆಯೇ. ಮಡಚದೇ ಬಿಟ್ಟರೆ ಹುಳಿ ಹುಲಿಯಾಗುತ್ತದೆ, ಬೆಳೆ ಬೆಲೆಯಾಗುತ್ತದೆ, ಮೂಳೆ ಮೂಲೆಗೆ ಸೇರುತ್ತದೆ.

ಹಿಂದೆ ಇದರ ಜೊತೆಗೆ ಇನ್ನೊಂದು ಅಕ್ಷರವೂ ಇತ್ತು, ೞ. ಮಳೆ, ಬಾಳೆ, ಕೋಳಿ ಹಳಗನ್ನಡದಲ್ಲಿ ಮೞೆ, ಬಾೞೆ, ಕೋೞಿ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಈ ಅಕ್ಷರ ಬರುವ ಪದಗಳನ್ನು ಪಟ್ಟಿ ಮಾಡಿದ್ದಾನೆ. ನಮ್ಮ ಬಾಯಲ್ಲಿ ಅದು ಳ ಜೊತೆ ಕರಗಿಹೋಯಿತು. ತಮಿಳು, ಮಲಯಾಳದಲ್ಲಿ ಇನ್ನೂ ಉಳಿದಿದೆ. ನಮ್ಮ ಬೀದಿಯಲ್ಲಿ ತಮಿಳು ಮಾತಾಡುವ ಒಬ್ಬ ಅಜ್ಜಿ ಇದ್ದಾರೆ. ಅವರ ಹತ್ತಿರ ಮೂರು ಸಂಜೆ ಕೂತು ಕಲಿತೆ. ನಾಲಿಗೆ ಹಿಂದಕ್ಕೆ ಸುತ್ತಿಕೊಳ್ಳಬೇಕು, ಆದರೆ ಎಲ್ಲೂ ತಾಗಬಾರದು. ಮೂರನೇ ಸಂಜೆ ಮೞೆ ಅಂದಾಗ ಅಜ್ಜಿ ತಲೆಯಾಡಿಸಿದರು. ಮನೆಗೆ ಬರುವವರೆಗೂ ಅದನ್ನೇ ಹೇಳಿಕೊಂಡು ಬಂದೆ.

ಹೋದ ಭಾನುವಾರ ಪಾಂಡವಪುರದ ಕಡೆ ಒಂದು ಆಲೆಮನೆಗೆ ಹೋಗಿದ್ದೆ. ಕೊಪ್ಪರಿಗೆ, ಅಚ್ಚು, ಗಾಣ ಇವೆಲ್ಲ ಆಗಲೇ ಚೀಟಿಯಲ್ಲಿದ್ದವು. ಕುರಿಕಾಲು ಅಚ್ಚು ಬೆಲ್ಲದ ಹೆಸರೂ ಇತ್ತು. ನನಗೆ ಬೇಕಿದ್ದದ್ದು ಕುದಿಯುವ ಸದ್ದು. ಹದ ನೋಡುವ ಹಿರಿಯರು ಒಲೆಯಿಂದ ನಾಲ್ಕು ಹೆಜ್ಜೆ ದೂರ ಬೆನ್ನು ಮಾಡಿ ಕೂತಿದ್ದರು. ಕಬ್ಬಿನ ಹಾಲು ಕೊತಕೊತ ಅನ್ನುವಷ್ಟು ಹೊತ್ತೂ ಅವರು ಎಲೆಅಡಿಕೆ ಹಾಕಿಕೊಂಡು ಮಾತಾಡುತ್ತಲೇ ಇದ್ದರು. ಒಮ್ಮೆಲೇ ಮಾತು ನಿಲ್ಲಿಸಿದರು. “ಈಗ ಪೊತಕ್ ಪೊತಕ್ ಅಂತಾ ಅದೆ, ಕೇಳುಸ್ತಾ?” ಅಂದರು. ಕಿವಿ ಕೊಟ್ಟೆ. ನಿಜ! ಪಾಕ ದಪ್ಪಗಾಗಿ, ಗುಳ್ಳೆ ಮೇಲೆ ಬಂದು ನಿಧಾನಕ್ಕೆ ಒಡೆಯುತ್ತಿತ್ತು. ಎದ್ದು ಹೋಗಿ, ಒಂದು ಚೂರು ಪಾಕ ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ ತಗಡಿಗೆ ಹೊಡೆದರು. ಟಣ್ ಅಂತು. “ಇಳ್ಸ್ರಲಾ” ಅಂತ ಕೂಗಿದರು. ಬೆಲ್ಲದ ಪಾಕ ಇಳಿಸುವ ಬಿಸಿ ಸುಮಾರು 118 ಡಿಗ್ರಿ ಸೆಲ್ಸಿಯಸ್. ಅಲ್ಲಿ ಅಳೆಯುವ ಸಾಮಾನು ಯಾವುದೂ ಇರಲಿಲ್ಲ. ಅವರು ಆ ಮೂರು ಸದ್ದನ್ನೇ ನಂಬಿದ್ದರು. ಪೊತಕ್ ನಾನು ಯಾವ ನಿಘಂಟಿನಲ್ಲೂ ನೋಡಿದ್ದಲ್ಲ. ಈ ತಿಂಗಳ ಬೆಸ್ಟ್ ಪದ ನನಗೆ ಅದೇ.

ರೆಕಾರ್ಡಿಂಗ್ ಮಾತ್ರ ಇನ್ನೂ ಕಷ್ಟ. ಆಲೆಮನೆಯದು ಗಾಣದ ಗದ್ದಲದಲ್ಲಿ ಮುಚ್ಚಿಹೋಯಿತು. ಇನ್ನೊಂದು ಸಲ ಹೋಗಬೇಕು, ಗಾಣ ನಿಂತ ಮೇಲೆ. ಮನೆಯಲ್ಲಿ ಬೇರೆ ಥರದ ಸಮಸ್ಯೆ. ನಮ್ಮ ದೊಡ್ಡವ್ವ ದಿನವಿಡೀ “ಓಗು”, “ಅಟ್ಟಿ”, “ಇಟ್ಟು” ಅಂತಾರೆ. ಫೋನ್ ಎದುರಿಗಿಟ್ಟ ತಕ್ಷಣ ಬೆನ್ನು ನೆಟ್ಟಗೆ ಮಾಡಿಕೊಂಡು “ಹೋಗು”, “ಹಟ್ಟಿ”, “ಹಿಟ್ಟು” ಅಂತಾರೆ, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ. ಹತ್ತು ಸಲ ಕೇಳಿದರೂ ಅಷ್ಟೇ. ಆಮೇಲೆ ದಾರಿ ಬದಲಾಯಿಸಿದೆ. “ದೊಡ್ಡವ್ವಾ, ಫೋನು ಇಲ್ಲೇ ಆನ್ ಇರ್ತದೆ, ನೀನು ಕೆಲಸ ಮಾಡ್ಕೊ” ಅಂತ ಹೇಳಿ, ಒಲೆಯಿಂದ ದೂರ ಕಿಟಕಿ ಮೇಲಿಟ್ಟು, ಸೊಪ್ಪು ಬಿಡಿಸಲು ಕೂತೆ. ಹತ್ತು ನಿಮಿಷಕ್ಕೆ ಅವರು ಫೋನನ್ನು ಮರೆತರು. ಬಸಿದ ಸಾರು ಬಸ್ಸಾರಾಗಿದ್ದು, ಮಸೆದ ಸೊಪ್ಪು ಮಸ್ಸೊಪ್ಪಾಗಿದ್ದು ಎಷ್ಟು ಅವಸರದಲ್ಲಿ ಅಂತ ಆ ರೆಕಾರ್ಡಿಂಗ್ ಕೇಳಿದರೆ ಗೊತ್ತಾಗುತ್ತದೆ. ಎರಡು ಪದದ ನಡುವೆ ಅವರು ಉಸಿರನ್ನೇ ಬಿಡುವುದಿಲ್ಲ.

ನಲವತ್ತನೇ ನಿಮಿಷದಲ್ಲಿ ಮುದ್ದೆ ತಿರುವುವ ಸದ್ದು. ದೊಣ್ಣೆ ಪಾತ್ರೆಗೆ ಬಡಿಯುತ್ತಿದೆ. ನಾನು ಏನೋ ಕೇಳುತ್ತೇನೆ. ದೊಡ್ಡವ್ವ ತಿರುಗದೆಯೇ “ವಸಿ ತಡಿ ಮಗಾ” ಅಂತಾರೆ. ‘ವಸಿ’ ಅಂದರೆ ಸ್ವಲ್ಪ. ಆ ಪದ ಹೀಗೆ ಸಿಗಲಿ ಅಂತ ನಾಲ್ಕು ತಿಂಗಳಿಂದ ಕಾದಿದ್ದೆ. ತುಟಿ ಡಬ್ಬಿಗೆ ಹಾಕಿದೆ.